ಸಾವಿರ ವಾಟ್‌ನಲ್ಲಿ ಮೂರು ಸಾವಿರ ಕಿಲೋಮೀಟರ್

ಮನೆಯ ಇಸ್ತ್ರಿ ಪೆಟ್ಟಿಗೆ ಸುಮಾರು 1000 ವಾಟ್ ಎಳೆಯುತ್ತದೆ. ಅಷ್ಟೇ ಶಕ್ತಿಯಲ್ಲಿ ಒಬ್ಬ ಮನುಷ್ಯನನ್ನು ಕೂರಿಸಿಕೊಂಡು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಓಡುವ ಕಾರು ಮಾಡಲು ಆಗುತ್ತದಾ? ಆಗುತ್ತದೆ. ಇಪ್ಪತ್ತು, ಇಪ್ಪತ್ತೆರಡು ವಯಸ್ಸಿನ ಕಾಲೇಜು ಹುಡುಗ ಹುಡುಗಿಯರು ಅದನ್ನು ಮಾಡಿ, ಮರುಭೂಮಿ ದಾಟಿಸಿ ತೋರಿಸಿದ್ದಾರೆ.

ಅದು ನಡೆಯುವುದು ಆಸ್ಟ್ರೇಲಿಯಾದಲ್ಲಿ, ವರ್ಲ್ಡ್ ಸೋಲಾರ್ ಚಾಲೆಂಜ್ ಎಂಬ ಸ್ಪರ್ಧೆಯಲ್ಲಿ. ಉತ್ತರದ ಕರಾವಳಿಯ ಡಾರ್ವಿನ್‌ನಲ್ಲಿ ಹೊರಟು ದಕ್ಷಿಣದ ಅಡಿಲೇಡ್ ಮುಟ್ಟಬೇಕು. ದಾರಿ ಸುಮಾರು 3000 ಕಿಲೋಮೀಟರ್. ನಡುವೆ ಆಲಿಸ್ ಸ್ಪ್ರಿಂಗ್ಸ್, ಕೂಬರ್ ಪೀಡಿಯಂಥ ಕೆಲವು ಊರು ಬಿಟ್ಟರೆ ಉದ್ದಕ್ಕೂ ಕೆಂಪು ಮಣ್ಣು. ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ಮಾತ್ರ ಓಡಿಸಬಹುದು. ಐದು ಗಂಟೆಗೆ ಎಲ್ಲಿದ್ದರೆ ಅಲ್ಲೇ ಟೆಂಟು. ಸೂರ್ಯ ಮುಳುಗುವವರೆಗೆ ಪ್ಯಾನೆಲ್ಲನ್ನು ಬಿಸಿಲಿಗೆ ಓರೆ ಹಿಡಿದು ಬ್ಯಾಟರಿ ತುಂಬಿಸುತ್ತಾ ಕೂರಬೇಕು. ಹೊರಡುವಾಗ ಬ್ಯಾಟರಿ ತುಂಬಿರಬಹುದು, ಆದರೆ ಅದರಲ್ಲಿ ಹಿಡಿಯುವುದೇ ಕೆಲವು ಯೂನಿಟ್ ಕರೆಂಟ್. ಮಿಕ್ಕದ್ದೆಲ್ಲ ದಾರಿಯಲ್ಲಿ ಸಿಕ್ಕ ಬಿಸಿಲು.

ಎಷ್ಟು ಬಿಸಿಲು ಸಿಗುತ್ತದೆ? ನಡುಮಧ್ಯಾಹ್ನ ಒಂದು ಚದರ ಮೀಟರ್ ಜಾಗಕ್ಕೆ ಸುಮಾರು 1000 ವಾಟ್ ಬೀಳುತ್ತದೆ. 2017ರ ನಿಯಮದ ಪ್ರಕಾರ ಒಂಟಿ ಸೀಟಿನ ಕಾರಿನ ಮೇಲೆ 4 ಚದರ ಮೀಟರ್ ಸಿಲಿಕಾನ್ ಪ್ಯಾನೆಲ್ ಇಡಬಹುದಿತ್ತು. ಅಂದರೆ 4000 ವಾಟ್ ಬೆಳಕು. ಒಳ್ಳೆಯ ಸಿಲಿಕಾನ್ ಕೋಶ ಇದರಲ್ಲಿ ಕಾಲು ಭಾಗದಷ್ಟನ್ನು ಕರೆಂಟ್ ಮಾಡುತ್ತದೆ. ಅಲ್ಲಿಗೆ 1000 ವಾಟ್. ಬೆಳಿಗ್ಗೆ, ಸಂಜೆ ಇನ್ನೂ ಕಡಿಮೆ.

ನಾವು ಓಡಿಸುವ ಸಣ್ಣ ಪೆಟ್ರೋಲ್ ಕಾರಿಗೆ ಸಪಾಟು ರಸ್ತೆಯಲ್ಲಿ 80ರ ವೇಗ ಕಾಯ್ದುಕೊಳ್ಳಲು ಚಕ್ರದ ಹತ್ತಿರವೇ ಆರೇಳು ಸಾವಿರ ವಾಟ್ ಬೇಕು. ಎಂಜಿನ್ನಿನಲ್ಲಿ ಬಿಸಿಯಾಗಿ ಹೋಗುವ ಪೆಟ್ರೋಲಿನ ಲೆಕ್ಕ ಬೇರೆ. ಹಾಗಾದರೆ ಈ ಹುಡುಗರು ಆರನೇ ಒಂದು ಭಾಗದಲ್ಲಿ ಹೇಗೆ ಕೆಲಸ ಮುಗಿಸುತ್ತಾರೆ?

ಮುಖ್ಯ ಶತ್ರು ಗಾಳಿ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಆ ತಡೆಯನ್ನು ಮೀರಲು ಬೇಕಾದ ಪವರ್ ಎಂಟರಷ್ಟಾಗುತ್ತದೆ. ಅದಕ್ಕೇ ಈ ಕಾರುಗಳು ಅಷ್ಟು ವಿಚಿತ್ರವಾಗಿ ಕಾಣುವುದು. ಚಪ್ಪಟೆ ಮೈ, ಮುಚ್ಚಿದ ಚಕ್ರ, ಒಳಗೆ ಅರೆ ಮಲಗಿದ ಚಾಲಕ. ಕನ್ನಡಿ, ಹಿಡಿ, ಸಂದು, ಗೊಂದು, ಯಾವುದೂ ಹೊರಗೆ ಚಾಚಿಕೊಂಡಿರುವುದಿಲ್ಲ. ಕಾರ್ಬನ್ ಫೈಬರ್ ಮೈ ಆದ್ದರಿಂದ ತೂಕ ಕಡಿಮೆ, ತೂಕ ಕಡಿಮೆಯಾದ್ದರಿಂದ ಟೈರಿನ ಉಜ್ಜಾಟವೂ ಕಡಿಮೆ. ಮೋಟಾರು ಚಕ್ರದ ಒಳಗೇ ಇರುತ್ತದೆ. ಗೇರಿಲ್ಲ, ಚೈನಿಲ್ಲ. ಕೊಟ್ಟ ಕರೆಂಟಿನಲ್ಲಿ ಶೇಕಡಾ 95ಕ್ಕಿಂತ ಜಾಸ್ತಿ ನೇರ ಚಕ್ರಕ್ಕೇ ಹೋಗುತ್ತದೆ.

ಕಾರು ಕಟ್ಟಿದ ಮೇಲೆ ಓಡಿಸುವ ಲೆಕ್ಕ ಶುರುವಾಗುತ್ತದೆ. ನನಗೆ ಜಾಸ್ತಿ ಇಷ್ಟವಾದ ಭಾಗ ಇದೇ. ಅರ್ಧ ಗಂಟೆ 60ರಲ್ಲಿ, ಅರ್ಧ ಗಂಟೆ 100ರಲ್ಲಿ ಹೋದಿರಿ ಅಂದುಕೊಳ್ಳಿ. ಒಂದು ಗಂಟೆಯಲ್ಲಿ 80 ಕಿಲೋಮೀಟರ್ ಆಯಿತು. ಗಂಟೆ ಪೂರ್ತಿ 80ರಲ್ಲೇ ಹೋಗಿದ್ದರೂ ಅಷ್ಟೇ ದೂರ. ಆದರೆ ಮೊದಲ ರೀತಿಯಲ್ಲಿ ಗಾಳಿಗೆ ಸುರಿದ ಶಕ್ತಿ ಸುಮಾರು ಶೇಕಡಾ 19ರಷ್ಟು ಜಾಸ್ತಿ. ನಿಧಾನ ಹೋಗಿ ಉಳಿಸಿದ್ದಕ್ಕಿಂತ ಜೋರು ಹೋಗಿ ಕಳೆದದ್ದೇ ಹೆಚ್ಚು. ಹಾಗಾಗಿ ತಂಡದ ಹಿಂಬದಿ ವಾಹನದಲ್ಲಿ ಒಬ್ಬರು ಲ್ಯಾಪ್‌ಟಾಪ್ ಹಿಡಿದು ಕೂತಿರುತ್ತಾರೆ. ಮುಂದೆ ಎಲ್ಲಿ ಮೋಡ ಇದೆ, ಎಲ್ಲಿ ಏರು ಬರುತ್ತದೆ, ಸಂಜೆ ಐದಕ್ಕೆ ಬ್ಯಾಟರಿಯಲ್ಲಿ ಎಷ್ಟು ಉಳಿದಿರಬೇಕು ಎಂದು ಲೆಕ್ಕ ಹಾಕಿ ಚಾಲಕನಿಗೆ ಒಂದೇ ಸಂಖ್ಯೆ ಹೇಳುತ್ತಾರೆ: ಇಷ್ಟು ವೇಗದಲ್ಲಿ ಹೋಗು. 2023ರಲ್ಲಿ ಗೆದ್ದ ಬೆಲ್ಜಿಯಂನ ಇನ್ನೋಪ್ಟಸ್ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಾರಿನ ಮೇಲೆ ಒಂದು ರೆಕ್ಕೆ ನಿಲ್ಲಿಸಿ, ಅಡ್ಡಗಾಳಿಯಿಂದಲೂ ಹಾಯಿದೋಣಿ ಥರ ಒಂದಿಷ್ಟು ನೂಕು ಗಿಟ್ಟಿಸಿತು. ಅವರ ಸರಾಸರಿ ವೇಗ ಗಂಟೆಗೆ 88.2 ಕಿಲೋಮೀಟರ್.

ಈ ಸ್ಪರ್ಧೆ ಶುರುವಾದದ್ದು ಕಾಲೇಜಿನಲ್ಲಿ ಅಲ್ಲ. ಡೆನ್ಮಾರ್ಕಿನಲ್ಲಿ ಹುಟ್ಟಿ ಆಸ್ಟ್ರೇಲಿಯಾ ಸೇರಿದ ಹಾನ್ಸ್ ಥೋಲ್‌ಸ್ಟ್ರಪ್ ಎಂಬ ಸಾಹಸಿ 1982ರ ಕೊನೆಗೆ ಒಂದು ಸೌರ ಕಾರು ಹತ್ತಿ ಪರ್ತ್‌ನಿಂದ ಸಿಡ್ನಿಗೆ ಹೊರಟ. ಸುಮಾರು 4000 ಕಿಲೋಮೀಟರ್, 20 ದಿನ. ಆಗ ಅದೇ ದೊಡ್ಡ ಸಾಧನೆ. ಬೇರೆಯವರು ಇದಕ್ಕಿಂತ ಜೋರಾಗಿ ಹೋಗುತ್ತಾರಾ ನೋಡೋಣ ಎಂದು 1987ರಲ್ಲಿ ಆತ ಸ್ಪರ್ಧೆಯನ್ನೇ ಇಟ್ಟ. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ ಸನ್‌ರೇಸರ್ ಎಂಬ ಕಾರು ತಂದು, ಸರಾಸರಿ 67ರ ವೇಗದಲ್ಲಿ ಓಡಿಸಿ, ಎಲ್ಲರನ್ನೂ ಎಲ್ಲೋ ಹಿಂದೆ ಬಿಟ್ಟು ಗೆದ್ದಿತು. ಅದನ್ನು ರೂಪಿಸಿದ್ದು ಪಾಲ್ ಮೆಕ್‌ಕ್ರೆಡಿಯ ಏರೋವೈರನ್‌ಮೆಂಟ್ ಕಂಪನಿ. ಪೆಡಲ್ ತುಳಿದು ಇಂಗ್ಲಿಷ್ ಕಾಲುವೆ ದಾಟಿದ ವಿಮಾನ ಮಾಡಿದ್ದೂ ಇದೇ ಮೆಕ್‌ಕ್ರೆಡಿ.

ಗೆದ್ದ ಕಂಪನಿ ಎರಡು ಕೆಲಸ ಮಾಡಿತು. ಒಂದು, ಅದೇ ಜನರನ್ನು ಇಟ್ಟುಕೊಂಡು ಇಂಪ್ಯಾಕ್ಟ್ ಎಂಬ ಎಲೆಕ್ಟ್ರಿಕ್ ಕಾರಿನ ಮಾದರಿ ಮಾಡಿಸಿತು. ಅದೇ ಮುಂದೆ 1996ರಲ್ಲಿ ಇವಿ1 ಆಗಿ ರಸ್ತೆಗೆ ಬಂತು. ಎರಡು, 1990ರಲ್ಲಿ ಅಮೆರಿಕದ ಕಾಲೇಜುಗಳಿಗಾಗಿ ಸನ್‌ರೇಸ್ ಎಂಬ ಸೌರ ಕಾರು ಓಟ ಏರ್ಪಡಿಸಿತು. ಮಿಷಿಗನ್ ವಿಶ್ವವಿದ್ಯಾಲಯದ ಸನ್‌ರನ್ನರ್ ಕಾರು ಅದರಲ್ಲಿ ಮೊದಲು ಬಂತು. ಅದೇ ವರ್ಷ ಆಸ್ಟ್ರೇಲಿಯಾಕ್ಕೆ ಹೋಗಿ ಮೂರನೆಯದಾಯಿತು. ಸ್ವಿಟ್ಜರ್‌ಲೆಂಡಿನ ಎಂಜಿನಿಯರಿಂಗ್ ಕಾಲೇಜೊಂದರ ಕಾರು ಮೊದಲು, ಹೋಂಡಾ ಎರಡನೆಯದು. ಒಂದು ಕಾಲೇಜು ಹೋಂಡಾವನ್ನು ಸೋಲಿಸಿತ್ತು!

ಮಿಷಿಗನ್ ತಂಡದಲ್ಲಿ ಬೆಂಗಳೂರಿನ ಹುಡುಗನೊಬ್ಬ ಇದ್ದ. ಹೆಸರು ಚೇತನ್ ಮೈನಿ. ಮುಂದಿನ ಕಥೆ ನಮ್ಮಲ್ಲಿ ಹಲವರಿಗೆ ಗೊತ್ತು. ಊರಿಗೆ ವಾಪಸ್ ಬಂದು ಅವರು ಕಟ್ಟಿದ ರೇವಾ 2001ರಲ್ಲಿ ಬೆಂಗಳೂರಿನ ರಸ್ತೆಗೆ ಇಳಿಯಿತು. ಎರಡು ಬಾಗಿಲಿನ ಪುಟ್ಟ ಕಾರು. ಲೆಡ್ ಆಸಿಡ್ ಬ್ಯಾಟರಿ, ಒಂದು ಚಾರ್ಜಿಗೆ ಸುಮಾರು 80 ಕಿಲೋಮೀಟರ್. ಜನ ನಕ್ಕರು, ಆಟದ ಸಾಮಾನು ಎಂದರು. ಲಂಡನ್ನಿನಲ್ಲಿ ಅದೇ ಕಾರು ಜಿ-ವಿಜ್ ಎಂಬ ಹೆಸರಿನಲ್ಲಿ ಓಡಾಡಿತು. 2010ರಲ್ಲಿ ಮಹೀಂದ್ರಾ ಕಂಪನಿ ರೇವಾವನ್ನು ತನ್ನದಾಗಿಸಿಕೊಂಡಿತು. ರೇವಾದ ರೂಪ ನೋಡಿದರೆ ಸೌರ ಕಾರಿನ ಪಾಠ ಎದ್ದು ಕಾಣುತ್ತದೆ ಎಂದು ನನಗೆ ಅನ್ನಿಸುತ್ತದೆ. ಆಗಿನ ಬ್ಯಾಟರಿ ಭಾರ, ಶಕ್ತಿ ಕಡಿಮೆ. ದೊಡ್ಡ ಬ್ಯಾಟರಿ ಹಾಕಿದರೆ ಆ ಬ್ಯಾಟರಿಯನ್ನು ಹೊರುವುದಕ್ಕೇ ಶಕ್ತಿ ಹೋಗುತ್ತದೆ. ಆದ್ದರಿಂದ ಕಾರನ್ನೇ ಸಣ್ಣದು ಮಾಡು.

ಅಮೆರಿಕದಲ್ಲೂ ಇಂಥದ್ದೇ ಆಯಿತು. ಟೆಸ್ಲಾ ಕಂಪನಿಯ ಆರಂಭದ ದಿನಗಳಲ್ಲಿ ಬ್ಯಾಟರಿ ಕೆಲಸ ಮಾಡಿದ ಜೀನ್ ಬರ್ಡಿಚೆವ್‌ಸ್ಕಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸೌರ ಕಾರು ತಂಡದವರು. ಸಾವಿರಾರು ಸಣ್ಣ ಲಿಥಿಯಂ ಕೋಶಗಳನ್ನು ಜೋಡಿಸಿ ಒಂದು ಕಾರು ಓಡಿಸಬಹುದು ಎಂಬ ಮಾತು ಅಂಥ ಹುಡುಗರಿಗೆ ವಿಚಿತ್ರ ಅನ್ನಿಸಲಿಲ್ಲ. ಅವರು ಅದನ್ನೇ ಸಣ್ಣದಾಗಿ ಮಾಡಿದ್ದವರು.

ಸ್ಪರ್ಧೆಯ ಒಳಗೆ ಇನ್ನೊಂದು ಜಾಣತನ ಇದೆ. 2005ರಲ್ಲಿ ನೆದರ್‌ಲೆಂಡಿನ ಡೆಲ್ಫ್ಟ್ ವಿಶ್ವವಿದ್ಯಾಲಯದ ನೂನಾ 3 ಸರಾಸರಿ 102.75 ಕಿಲೋಮೀಟರ್ ವೇಗದಲ್ಲಿ ಓಡಿತು. ದಕ್ಷಿಣ ಆಸ್ಟ್ರೇಲಿಯಾದಲ್ಲಿ ಹೆದ್ದಾರಿಯ ಮಿತಿಯೇ 110. ಇನ್ನು ವೇಗ ಏರಿಸಿ ಪ್ರಯೋಜನವಿಲ್ಲ, ಅಲ್ವಾ? ಆಯೋಜಕರು ಬಹುಮಾನ ಹೆಚ್ಚಿಸಲಿಲ್ಲ, ಬಿಸಿಲು ಕಡಿಮೆ ಮಾಡಿದರು. 8 ಚದರ ಮೀಟರ್ ಇದ್ದ ಪ್ಯಾನೆಲ್ 2007ಕ್ಕೆ 6 ಆಯಿತು, 2017ಕ್ಕೆ 4 ಆಯಿತು. ಅರ್ಧ ಪ್ಯಾನೆಲ್ ಕಿತ್ತುಕೊಂಡ ಮೇಲೂ ಹುಡುಗರು 80 ದಾಟಿದರು. ಶಕ್ತಿ ಕಿತ್ತುಕೊಂಡಷ್ಟೂ ಬುದ್ಧಿ ಓಡಿಸಬೇಕಾಗುತ್ತದೆ ಎಂಬುದನ್ನು ನಿಯಮದ ಪುಸ್ತಕವೇ ಕಲಿಸಿತು. 2013ರಿಂದ ಒಂದಕ್ಕಿಂತ ಹೆಚ್ಚು ಜನ ಕೂರುವ ಕಾರುಗಳಿಗೆ ಬೇರೆ ವಿಭಾಗವೂ ಬಂತು. ನೆದರ್‌ಲೆಂಡಿನ ಐಂಡ್‌ಹೋವನ್ ಕಾಲೇಜಿನ ಸ್ಟೆಲ್ಲಾ ಎಂಬ ನಾಲ್ಕು ಸೀಟಿನ ಕಾರು ಅದರಲ್ಲಿ ಮೊದಲು ಗೆದ್ದಿತು.

ರಸ್ತೆ ಯಾರ ಮುಲಾಜನ್ನೂ ನೋಡುವುದಿಲ್ಲ. 2019ರ ಓಟದಲ್ಲಿ ನೆದರ್‌ಲೆಂಡಿನ ಟ್ವೆಂಟೆ ತಂಡ ಮುಂದಿತ್ತು. ಜೋರು ಗಾಳಿ ಬೀಸಿ ಕಾರು ರಸ್ತೆ ಬಿಟ್ಟು ಮಗುಚಿತು. ಆಮೇಲೆ ಡೆಲ್ಫ್ಟ್ ಮುಂದೆ ಬಂತು. ಕೊನೆಯ ದಿನ, ಅಡಿಲೇಡ್ ಇನ್ನು ಕೆಲವೇ ಗಂಟೆಯ ದಾರಿ ಎನ್ನುವಾಗ ಆ ಕಾರಿಗೆ ಬೆಂಕಿ ಹತ್ತಿ ಸುಟ್ಟುಹೋಯಿತು. ಪುಣ್ಯಕ್ಕೆ ಎರಡೂ ಕಡೆ ಚಾಲಕರ ಪ್ರಾಣಕ್ಕೆ ಏನೂ ಆಗಲಿಲ್ಲ. ಹಿಂದಿದ್ದ ಬೆಲ್ಜಿಯಂ ತಂಡ ಮೊದಲ ಸಲ ಗೆದ್ದಿತು.

ಇದನ್ನೆಲ್ಲ ಓದಿ ಇದು ಪೂರಾ ಹಸಿರು ಓಟ ಎಂದುಕೊಳ್ಳಬೇಡಿ. ಪ್ರತಿ ಸೌರ ಕಾರಿನ ಹಿಂದೆ ಮುಂದೆ ಬೆಂಗಾವಲು ವಾಹನಗಳು ಹೋಗುತ್ತವೆ. ಎಣ್ಣೆ ಕುಡಿಯುವ ಗಾಡಿಗಳೇ. ಯುರೋಪಿನಿಂದ ಕಾರು, ಸಾಮಾನು, ಜನ, ಎಲ್ಲ ಭೂಮಿಯ ಇನ್ನೊಂದು ತುದಿಗೆ ಹೋಗಬೇಕು. ದುಡ್ಡು ಹಾಕುವವರನ್ನು ನೋಡಿದರೆ ಇನ್ನೂ ತಮಾಷೆ. ಒಂದೇ ಅಳತೆಯ ಇಂಧನದಲ್ಲಿ ಯಾರ ಗಾಡಿ ಜಾಸ್ತಿ ದೂರ ಹೋಗುತ್ತದೆ ಎಂದು ನೋಡುವ ಇಕೋ ಮ್ಯಾರಥಾನ್ ವಿದ್ಯಾರ್ಥಿಗಳ ಇನ್ನೊಂದು ಹೆಸರಾಂತ ಸ್ಪರ್ಧೆ. ಅದನ್ನು ನಡೆಸುವುದು ಶೆಲ್ ಎಣ್ಣೆ ಕಂಪನಿ! 1939ರಲ್ಲಿ ಅದರ ಅಮೆರಿಕದ ಪ್ರಯೋಗಾಲಯದಲ್ಲಿ ವಿಜ್ಞಾನಿಗಳು ಕಟ್ಟಿದ ಬಾಜಿಯಿಂದ ಹುಟ್ಟಿದ್ದು ಅದು. 2005ರಲ್ಲಿ ಸ್ವಿಟ್ಜರ್‌ಲೆಂಡಿನ ಇಟಿಎಚ್ ಜ್ಯೂರಿಕ್‌ನ ಪ್ಯಾಕ್-ಕಾರ್ 2 ಎಂಬ ಹೈಡ್ರೋಜನ್ ಗಾಡಿ ಒಂದು ಲೀಟರ್ ಪೆಟ್ರೋಲಿಗೆ ಸಮನಾದ ಶಕ್ತಿಯಲ್ಲಿ 5385 ಕಿಲೋಮೀಟರ್ ಲೆಕ್ಕದ ದಾಖಲೆ ಮಾಡಿತು. ಜಾಹೀರಾತಿನ ಆಸೆ ಕಂಪನಿಗೆ ಇದ್ದೇ ಇರುತ್ತದೆ. ಆದರೆ ಆ 5385ರಲ್ಲಿ ಜಾಹೀರಾತು ಇಲ್ಲ.

ಗೆದ್ದ ಕಾರು ಅಂಗಡಿಗೆ ಬರುತ್ತದಾ ಎಂದು ಕೇಳಿದರೆ, ಇಲ್ಲ. ಸ್ಟೆಲ್ಲಾ ತಂಡದ ಹಳೆಯ ವಿದ್ಯಾರ್ಥಿಗಳು ಲೈಟ್‌ಇಯರ್ ಎಂಬ ಕಂಪನಿ ಕಟ್ಟಿ, ಮೈತುಂಬ ಸೌರಕೋಶ ಇರುವ ಕಾರನ್ನು ಎರಡೂವರೆ ಲಕ್ಷ ಯೂರೋ ಬೆಲೆಗೆ ಮಾರಲು ಹೊರಟರು. 2022ರ ಕೊನೆಗೆ ತಯಾರಿಕೆ ಶುರುವಾಯಿತು, 2023ರ ಜನವರಿಯಲ್ಲಿ ನಿಂತೇಹೋಯಿತು. ಚಲಿಸುವ ಕಾರಿನ ಮೇಲೆ ಪ್ಯಾನೆಲ್ ಇಡುವುದಕ್ಕಿಂತ ಮನೆಯ ಮಾಳಿಗೆ ಮೇಲೆ ಇಟ್ಟು ಅದರಿಂದ ಕಾರಿಗೆ ಚಾರ್ಜ್ ಮಾಡುವುದು ಅಗ್ಗ. ಇದು ಎಲ್ಲರಿಗೂ ಗೊತ್ತಿರುವ ಲೆಕ್ಕವೇ. ನನ್ನ ಮಟ್ಟಿಗೆ ಈ ಸ್ಪರ್ಧೆಗಳ ಉತ್ಪನ್ನ ಕಾರಲ್ಲ. ಪ್ರತಿ ವಾಟ್ ಎಲ್ಲಿ ಸೋರುತ್ತದೆ ಎಂದು ಹುಡುಕುವ ಚಟ ಹತ್ತಿದ ಎಂಜಿನಿಯರುಗಳು.

ನಮ್ಮಲ್ಲೂ ಸ್ಪರ್ಧೆಗಳಿಗೆ ಬರವಿಲ್ಲ. 2017ರಿಂದ ಕೇಂದ್ರ ಸರ್ಕಾರದ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ ನಡೆಯುತ್ತಿದೆ. ಅದರ ಸಾಫ್ಟ್‌ವೇರ್ ವಿಭಾಗದ ಅಂತಿಮ ಸುತ್ತು 36 ಗಂಟೆಯದು. ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ದಶಕಗಳಿಂದ ಕೊನೆಯ ವರ್ಷದ ಎಂಜಿನಿಯರಿಂಗ್ ಪ್ರಾಜೆಕ್ಟ್‌ಗಳಿಗೆ ಸಣ್ಣ ಮೊತ್ತ ಕೊಡುತ್ತಾ ಬಂದಿದೆ. ಮಣಿಪಾಲದಲ್ಲಿ ಸೋಲಾರ್‌ಮೊಬಿಲ್ ಎಂಬ ವಿದ್ಯಾರ್ಥಿ ತಂಡ ಸೌರ ಕಾರುಗಳನ್ನೇ ಕಟ್ಟುತ್ತದೆ. ಒಳ್ಳೆಯ ಕೆಲಸಗಳೇ. ನನ್ನ ತಕರಾರು ಪರಿಸರದ ಹೆಸರಿನಲ್ಲಿ ಕಾಲೇಜು ಕಾಲೇಜಿನಲ್ಲೂ ನಡೆಯುವ ಐಡಿಯಾ ಸ್ಪರ್ಧೆಗಳ ಬಗ್ಗೆ. ಥರ್ಮೋಕೋಲ್ ಮಾದರಿ, ಹತ್ತು ಸ್ಲೈಡು, ಐದು ನಿಮಿಷದ ಮಾತು. ಚೆನ್ನಾಗಿ ಮಾತಾಡಿದವರಿಗೆ ಬಹುಮಾನದ ಕಪ್. ಆ ಯಂತ್ರ ನಿಜಕ್ಕೂ ಎಷ್ಟು ಉಳಿಸಿತು ಎಂದು ಅಳೆದು ನೋಡುವವರು ಯಾರೂ ಇಲ್ಲ. ಹುಡುಗರ ತಪ್ಪಲ್ಲ ಇದು. ಸ್ಪರ್ಧೆ ಏನನ್ನು ಅಳೆಯುತ್ತದೋ ಅದನ್ನೇ ಅವರು ಕಲಿಯುತ್ತಾರೆ.

ಮರುಭೂಮಿ ಬೇಕಾಗಿಲ್ಲ. ನಮ್ಮ ರಾಜ್ಯದ ಕರೆಂಟಿನಲ್ಲಿ ದೊಡ್ಡ ಪಾಲು ಪಂಪ್‌ಸೆಟ್‌ಗಳಿಗೆ ಹೋಗುತ್ತದೆ. ಒಂದು ಯೂನಿಟ್ ಕರೆಂಟಿನಲ್ಲಿ, ಏನೂ ನಷ್ಟವಿಲ್ಲದಿದ್ದರೆ, 60 ಮೀಟರ್ ಆಳದಿಂದ ಸುಮಾರು 6,100 ಲೀಟರ್ ನೀರು ಎತ್ತಬಹುದು. ಹಳೆಯ ಪಂಪು, ತಪ್ಪು ಅಳತೆಯ ಪೈಪು, ಸುಟ್ಟು ಮತ್ತೆ ಸುತ್ತಿಸಿದ ಮೋಟಾರು ಇದ್ದರೆ ಮೂರನೇ ಒಂದು ಭಾಗ ಸಿಗುವುದೂ ಕಷ್ಟ. ಎಲ್ಲ ಕಾಲೇಜುಗಳಿಗೂ ಒಂದೇ ಅಳತೆಯ ಸೋಲಾರ್ ಪ್ಯಾನೆಲ್, ಒಂದೇ ಆಳದ ಬೋರ್‌ವೆಲ್ ಕೊಡಿ. ಬೆಳಿಗ್ಗೆ 8ರಿಂದ ಸಂಜೆ 5. ಮೋಡ ಬಂದರೆ ಬರಲಿ. ಸಂಜೆ ಯಾರ ವಾಟರ್ ಮೀಟರಿನಲ್ಲಿ ಜಾಸ್ತಿ ಲೀಟರ್ ಇದೆಯೋ ಅವರು ಗೆದ್ದರು. ಮುಂದಿನ ವರ್ಷ ಪ್ಯಾನೆಲ್ ಸಣ್ಣದು ಮಾಡಿ. ಸ್ಪಾನ್ಸರ್ ಹುಡುಕುವುದೂ ಕಷ್ಟವಿಲ್ಲ. ಪಂಪ್ ಕಂಪನಿಗಳು ಪಕ್ಕದ ಕೊಯಮತ್ತೂರಿನಲ್ಲಿ ಬೇಕಾದಷ್ಟಿವೆ.