ಪರ್ಯಾಯ: ಸರದಿಯೋ, ಬದಲಿಯೋ?

ಉಡುಪಿಯ ಕಲ್ಸಂಕದ ತಿರುವಿನಲ್ಲಿ ನಿಲ್ಲಿಸಿದ್ದ ಫಲಕದ ಮೇಲೆ ಹೀಗೆ ಬರೆದಿತ್ತು: ‘ಪರ್ಯಾಯದ ಪ್ರಯುಕ್ತ ವಾಹನ ಸವಾರರು ಪರ್ಯಾಯ ಮಾರ್ಗವನ್ನು ಬಳಸತಕ್ಕದ್ದು’. ಸ್ಕೂಟರ್ ನಿಲ್ಲಿಸಿ ಎರಡು ಸಲ ಓದಿದೆ. ಹಿಂದಿದ್ದ ಬಸ್ಸಿನವನು ಹಾರ್ನ್ ಬಿಡದೆ ಒತ್ತಿದ್ದರಿಂದ ಮೂರನೆಯ ಸಲ ಓದಲಾಗಲಿಲ್ಲ. ಒಂದೇ ವಾಕ್ಯದಲ್ಲಿ ಎರಡು ಪರ್ಯಾಯ. ಮೊದಲನೆಯದು ಕೃಷ್ಣಮಠದ ಪೂಜೆ ಅಷ್ಟಮಠಗಳಲ್ಲಿ ಒಂದರಿಂದ ಮುಂದಿನದಕ್ಕೆ ದಾಟುವ ಉತ್ಸವ, ಅದಕ್ಕೆ ಊರಿಗೆ ಊರೇ ನುಗ್ಗುತ್ತದೆ. ಎರಡನೆಯದಕ್ಕೆ ಯಾರೂ ಹೋಗಲು ಒಪ್ಪುವುದಿಲ್ಲ.

ಅದನ್ನು ಹೇಗೋ ಸಹಿಸಿಕೊಂಡೆ. ಸಂಜೆ ಬೆಂಗಳೂರಿನ ನೆಂಟರೊಬ್ಬರನ್ನು ರಥಬೀದಿಗೆ ಕರೆದುಕೊಂಡು ಹೋದೆ. ಅಲ್ಲಿನ ಫ್ಲೆಕ್ಸಿನಲ್ಲಿದ್ದ ‘ಭಾವೀ ಪರ್ಯಾಯ ಪೀಠಾಧಿಪತಿಗಳು’ ಎಂಬ ಸಾಲನ್ನು ನೋಡಿ ಅವರು ಮೆಲ್ಲಗೆ ಕೇಳಿದರು: ‘ಮುಖ್ಯ ಸ್ವಾಮೀಜಿ ಊರಲ್ಲಿ ಇಲ್ಲದಾಗ ಪೂಜೆ ಮಾಡುವವರೇ ಇವರು?’ ಅಂದರೆ ಸ್ಟೆಪ್ನಿ ಚಕ್ರ! ಅವರನ್ನು ಬೈದು ಫಲವಿಲ್ಲ. ಪರ್ಯಾಯ ಇಂಧನ, ಪರ್ಯಾಯ ಬೆಳೆ, ಪರ್ಯಾಯ ನಾಯಕತ್ವ ಎಂದು ದಿನಬೆಳಗಾದರೆ ಪತ್ರಿಕೆ ಓದುವವರಿಗೆ ಈ ಪದ ಕಿವಿಗೆ ಬಿದ್ದೊಡನೆ ಹೊಳೆಯುವುದು ‘ಅದು ಸಿಗದಿದ್ದರೆ ಇದು’ ಎಂಬ ಅರ್ಥವೇ. ಉಡುಪಿಯವನಿಗೆ ಹೊಳೆಯುವುದು ಬೇರೆ: ಸೌದೆಯನ್ನು ರಥದಂತೆ ಒಟ್ಟಿದ ಕಟ್ಟಿಗೆ ರಥ, ಹೊರೆಕಾಣಿಕೆಯ ಲಾರಿಗಳು, ಜನವರಿ 18ರ ನಸುಕಿನ ಚಳಿ, ಜೋಡುಕಟ್ಟೆಯಿಂದ ಹೊರಡುವ ಮೆರವಣಿಗೆ. ಇಲ್ಲಿ ಪರ್ಯಾಯ ಸ್ವಾಮೀಜಿ ಎಂದರೆ ಇನ್ನೆರಡು ವರ್ಷ ಕೃಷ್ಣನ ಪೂಜೆ ಯಾರದೋ ಅವರೇ. ಅವರ ಬದಲಿಗೆ ಬರುವವರಲ್ಲ.

ಪದವನ್ನು ಬಿಡಿಸಿದರೆ ಉಡುಪಿಯ ಪಕ್ಷವೇ ಗೆಲ್ಲುತ್ತದೆ. ‘ಪರಿ’ ಎಂದರೆ ಸುತ್ತ. ‘ಇ’ ಎಂಬ ಧಾತುವಿಗೆ ಹೋಗುವುದು ಎಂದರ್ಥ. ಸುತ್ತಿಕೊಂಡು ಬರುವುದು ಪರ್ಯಾಯ. ಪಾಣಿನಿ ಇದಕ್ಕೆಂದೇ ಒಂದು ಸೂತ್ರ ಮಾಡಿದ್ದಾನೆ, ‘ಪರಾವನುಪಾತ್ಯಯ ಇಣಃ’ ಎಂದು. ಕ್ರಮವಾಗಿ ಬಂದದ್ದನ್ನು ಮೀರದಿರುವುದು ಎಂಬ ಅರ್ಥವಿದ್ದರೆ ಮಾತ್ರ ‘ಯಾ’ ದೀರ್ಘವಾಗುತ್ತದೆ. ಪಾಣಿನಿಯ ಸೂತ್ರಗಳ ವ್ಯಾಖ್ಯಾನವಾದ ಕಾಶಿಕಾವೃತ್ತಿ ಕೊಡುವ ಉದಾಹರಣೆ ಯಾವ ಶಾಲಾ ಬಾಲಕನಿಗೂ ಅರ್ಥವಾಗುವಂಥದು: ‘ತವ ಪರ್ಯಾಯಃ, ಮಮ ಪರ್ಯಾಯಃ’. ಈಗ ನಿನ್ನ ಸರದಿ, ಇನ್ನು ನನ್ನ ಸರದಿ. ಕ್ರಮ ತಪ್ಪಿದರೆ ದೀರ್ಘವೂ ಹೋಗಿ ‘ಪರ್ಯಯ’ ಉಳಿಯುತ್ತದೆ. ಅಮರಕೋಶವೂ ಇವೆರಡನ್ನು ಅಕ್ಕಪಕ್ಕದಲ್ಲೇ ಕೂರಿಸಿದೆ. ಅನುಕ್ರಮ, ಪರಿಪಾಟಿಗಳ ಜೊತೆಗೆ ಪರ್ಯಾಯ. ಅದರ ಬೆನ್ನಿಗೇ ಅತಿಪಾತದ, ಅಂದರೆ ಮೀರುವಿಕೆಯ, ಜೊತೆಗೆ ಪರ್ಯಯ. ಭೋಜನಶಾಲೆಯ ಸಾಲಿನಲ್ಲಿ ನಿಂತವನದು ಪರ್ಯಾಯ, ನಡುವೆ ನುಗ್ಗಿದವನದು ಪರ್ಯಯ. ಒಂದು ದೀರ್ಘದ ಮೇಲೆ ಇಷ್ಟು ಭಾರ ಹೊರಿಸಿದ ಭಾಷೆಯಲ್ಲಿ ನಾವು ಫ್ಲೆಕ್ಸ್ ಬರೆಯುತ್ತಿದ್ದೇವೆ.

ಹಾಗಾದರೆ ‘ಪರ್ಯಾಯ ಪದ’? ಸೂರ್ಯ, ರವಿ, ಭಾನು: ಮೂವರೂ ಒಂದೇ ಪೀಠಕ್ಕೆ ಸರದಿಯಂತೆ ಬರುತ್ತಾರೆ, ಯಾರು ಬಂದರೂ ಬೆಳಕು ಅದೇ. ಅಷ್ಟಮಠದ ಲೆಕ್ಕಾಚಾರಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಮೂಡುಬಿದಿರೆ, ಕಾರ್ಕಳದ ಕಡೆ ಜೈನಶಾಸ್ತ್ರ ಓದಿದವರನ್ನು ಕೇಳಿದರೆ ಅವರು ಇನ್ನೂ ಆಳಕ್ಕೆ ಇಳಿಸುತ್ತಾರೆ. ಅಲ್ಲಿ ದ್ರವ್ಯ ಉಳಿಯುತ್ತದೆ, ಪರ್ಯಾಯಗಳು ಬಂದುಹೋಗುತ್ತವೆ. ಚಿನ್ನ ಅದೇ, ಒಮ್ಮೆ ಬಳೆ, ಒಮ್ಮೆ ಉಂಗುರ.

ಸರದಿ ಎಂಬುದು ಬದಲಿ ಎಂಬಲ್ಲಿಗೆ ಜಾರಿದ್ದು ಹೇಗೆಂದು ಊಹಿಸುವುದು ಕಷ್ಟವಲ್ಲ. ಒಬ್ಬರ ಜಾಗಕ್ಕೆ ಇನ್ನೊಬ್ಬರು ಬಂದರು ಎಂಬಷ್ಟನ್ನು ಇಟ್ಟುಕೊಂಡು, ಮೊದಲಿನವರ ಸರದಿ ಮತ್ತೆ ಬರುತ್ತದೆ ಎಂಬುದನ್ನು ಮರೆತರೆ ಆಯಿತು. ಇಂಗ್ಲಿಷಿನ ಆಲ್ಟರ್ನೇಟ್ ಕೂಡ ಇದೇ ಇಳಿಜಾರಿನಲ್ಲಿ ಜಾರಿ ಆಲ್ಟರ್ನೇಟಿವ್ ಆಗಿ ಕುಳಿತಿದೆ. ಆದರೆ ನಮ್ಮಲ್ಲಿ ಆ ಕೆಲಸಕ್ಕೆ ಅರಬ್ಬಿಯಿಂದ ಬಂದ ‘ಬದಲಿ’ ಇತ್ತಲ್ಲ! ಬದಲಿ ದಾರಿ ಎಂದರೆ ಯಾರಿಗೆ ತಿಳಿಯುವುದಿಲ್ಲ? ಮಡಿ ಕೆಡುತ್ತದೆ ಎಂದೇನಾದರೂ ಅಂಜಿಕೆಯಿದ್ದರೆ, ಪೀಠವೇರಿದ ದಿನ ರಾಜಾಂಗಣದಲ್ಲಿ ನಡೆಯುವುದು ‘ದರ್ಬಾರು’, ಮಠದ ವ್ಯವಹಾರ ನೋಡಿಕೊಳ್ಳುವವರು ‘ದಿವಾನರು’. ಮಠಕ್ಕೆ ಪಾರಸಿ ನಡೆಯುತ್ತದೆ, ಫಲಕಕ್ಕೆ ನಡೆಯುವುದಿಲ್ಲ.

ಸರದಿಯ ಲೆಕ್ಕ ಸುಲಭ. ಮಧ್ವಾಚಾರ್ಯರ ಕಾಲದಿಂದ ಎರಡೆರಡು ತಿಂಗಳಿಗೆ ತಿರುಗುತ್ತಿದ್ದ ಪೂಜೆಯನ್ನು ಸೋದೆ ಮಠದ ವಾದಿರಾಜರು ಎರಡೆರಡು ವರ್ಷಕ್ಕೆ ಹಿಗ್ಗಿಸಿದರು, 1522ರಿಂದ. ಎಂಟು ಮಠ, 16 ವರ್ಷಕ್ಕೆ ಒಂದು ಸುತ್ತು. ಪಲಿಮಾರಿನಿಂದ ಹೊರಟು ಪೇಜಾವರಕ್ಕೆ ಮುಗಿಯುತ್ತದೆ. ಪೇಜಾವರದ ವಿಶ್ವೇಶತೀರ್ಥರು 2016ರಲ್ಲಿ ಐದನೆಯ ಸಲ ಪೀಠವೇರಿದರು. ಎಂಟನೆಯ ವಯಸ್ಸಿನಲ್ಲೇ ಸನ್ಯಾಸ ಪಡೆದಿದ್ದರಿಂದ ಅದು ಸಾಧ್ಯವಾಯಿತು. ಅಧಿಕಾರ ಹಸ್ತಾಂತರವೆಂದರೆ ಅಕ್ಷಯಪಾತ್ರೆ, ಸಟ್ಟುಗ, ಕೀಲಿಕೈ. ಬಡಿಸುವ ಸೌಟು ಕೈಗೆ ಬಂದರೆ ಅಧಿಕಾರ ಬಂದಂತೆ.

ಈ ಸೌಟಿನ ಪ್ರಭಾವ ಗರ್ಭಗುಡಿಯೊಳಗೇ ನಿಲ್ಲುವುದಿಲ್ಲ. ನಮ್ಮೂರಿನಲ್ಲಿ ರಸ್ತೆಗೆ ಡಾಂಬರು ಬೀಳುವುದು ‘ಪರ್ಯಾಯಕ್ಕೆ ಮುಂಚೆ’, ಚರಂಡಿಯ ಹೂಳು ತೆಗೆಯುವುದು ‘ಪರ್ಯಾಯ ಮುಗಿಯಲಿ’ ಎಂದಾದ ಮೇಲೆ. ಸರ್ಕಾರದ ಅನುದಾನವೂ ಅದೇ ಹೆಸರಿನಲ್ಲಿ ಬರಬೇಕು. ಒಂದು ಗುಂಡಿಯ ಆಯುಷ್ಯವನ್ನು ನಾವು ಪರ್ಯಾಯಗಳಲ್ಲಿ ಅಳೆಯುತ್ತೇವೆ. ನಮ್ಮ ಮನೆಯೆದುರಿನ ಗುಂಡಿ ಅದಮಾರು ಪರ್ಯಾಯದಲ್ಲಿ ಹುಟ್ಟಿ, ಕೃಷ್ಣಾಪುರದಲ್ಲಿ ಅಗಲವಾಗಿ, ಪುತ್ತಿಗೆ ಪರ್ಯಾಯದ ಹೊತ್ತಿಗೆ ಮುಚ್ಚಿತು. ಮದುವೆ, ಗೃಹಪ್ರವೇಶಗಳ ಇಸವಿ ಮರೆತವರೂ ಆಗ ಯಾವ ಮಠದ ಪರ್ಯಾಯವಿತ್ತೆಂದು ಹೇಳಬಲ್ಲರು. ಮಠದ ಮೆಟ್ಟಿಲು ಹತ್ತದವರಿಗೂ ಈ ಪಂಚಾಂಗದಿಂದ ಬಿಡುಗಡೆಯಿಲ್ಲ. ಇದು ಸರಿಯೇ ಎಂಬುದು ಬೇರೆ ಜಗಳ. ಡಾಂಬರಿಗೆ ಮುಹೂರ್ತ ಬೇಡ ಎಂದು ನಾನು ಹೇಳಿದರೆ, ಮುಹೂರ್ತವೂ ಇಲ್ಲದಿದ್ದರೆ ಡಾಂಬರೇ ಇಲ್ಲ ಎನ್ನುತ್ತಾರೆ ನೆರೆಮನೆಯವರು.

ರಾಜಕಾರಣಿಗಳು ದರ್ಬಾರಿನ ಮುಂದಿನ ಸಾಲಿನಲ್ಲಿ ಕೂರುತ್ತಾರೆ, ಪದದ ಅರ್ಥವನ್ನು ಮಾತ್ರ ಅಲ್ಲಿಯೇ ಬಿಟ್ಟು ಹೋಗುತ್ತಾರೆ. 2006ರಲ್ಲಿ ಜೆಡಿಎಸ್ ಮತ್ತು ಬಿಜೆಪಿ ತಲಾ 20 ತಿಂಗಳು ಆಳುವ ಒಪ್ಪಂದ ಮಾಡಿಕೊಂಡಾಗ ಅದು ಅಚ್ಚ ಪರ್ಯಾಯವೇ ಆಗಿತ್ತು. 2007ರ ಅಕ್ಟೋಬರಿನಲ್ಲಿ ಸೌಟು ದಾಟಿಸುವ ಹೊತ್ತು ಬಂದಾಗ ಜೆಡಿಎಸ್ ಕೈ ಚಾಚಲಿಲ್ಲ. ಅಲ್ಲಿಗೆ ಅದು ಹ್ರಸ್ವವಾಯಿತು.

ಇಷ್ಟು ಹೇಳಿ ನನ್ನ ಹಳೆಯ ಹುಣ್ಣಾದ ‘ಪರ್ಯಾಯ ದ್ವೀಪ’ವನ್ನು ಬಿಡಲಾರೆ. ಮೂರು ಕಡೆ ನೀರಿರುವ ಭೂಮಿಗೆ ನಮ್ಮ ಪಠ್ಯಪುಸ್ತಕಗಳು ಈ ಹೆಸರು ಕೊಟ್ಟಿವೆ. ದಕ್ಷಿಣ ಭಾರತ ಯಾವ ದ್ವೀಪದ ಸರದಿ, ಯಾವುದರ ಬದಲಿ? ಹಿಂದಿಯವರು ‘ಪ್ರಾಯದ್ವೀಪ’ ಎನ್ನುತ್ತಾರೆ. ಪ್ರಾಯಃ ಎಂದರೆ ಬಹುತೇಕ, ಹೆಚ್ಚುಕಡಿಮೆ ದ್ವೀಪವೆಂದಾಯಿತು. ಪ್ರಾಯ ಎಲ್ಲೋ ಅಚ್ಚಿನ ಮನೆಯಲ್ಲಿ ಪರ್ಯಾಯವಾಯಿತು ಎಂಬುದು ನನ್ನ ಗುಮಾನಿ. ಪಕ್ಕದ ಮನೆಯ ಎಂಟನೆಯ ತರಗತಿಯ ಹುಡುಗ, ‘ಸೇಂಟ್ ಮೇರೀಸ್ ದ್ವೀಪದಲ್ಲಿ ಜನ ತುಂಬಿದರೆ ಹೋಗುವ ಇನ್ನೊಂದು ದ್ವೀಪವೇ?’ ಎಂದು ಕೇಳಿದ ದಿನ ಅವನಿಗೆ ಇದನ್ನೆಲ್ಲ ವಿವರಿಸಿದೆ. ಪ್ರಾಯವೆಂದರೆ ನಮ್ಮ ಕಡೆ ವಯಸ್ಸು, ಆದ್ದರಿಂದ ಅವನು ಬೇಗನೆ ನೆನಪಿಟ್ಟುಕೊಂಡ: ಪ್ರಾಯಕ್ಕೆ ಬಂದ ದ್ವೀಪ. ಪರೀಕ್ಷೆಯಲ್ಲಿ ಪ್ರಾಯದ್ವೀಪ ಎಂದೇ ಬರೆದ. ‘ಪಠ್ಯದಲ್ಲಿ ಇದ್ದಂತೆ ಬರೆ’ ಎಂದು ಕೆಂಪು ಶಾಯಿ ಬಿತ್ತು. ಹೋದ ಅರ್ಧ ಅಂಕಕ್ಕಾಗಿ ಅವನ ತಾಯಿ ಇನ್ನೂ ನನ್ನ ಮುಖ ನೋಡುತ್ತಿಲ್ಲ.