ಮಾತ್ರೆಗೆ ಬಗ್ಗದ ಬಿಪಿ: ಕಿಡ್ನಿಯ ನರ ಯಾಕೆ ಸುಡುತ್ತಾರೆ?

ರೀನಲ್ ಡಿನರ್ವೇಶನ್, ಅಂದರೆ ಬಿಪಿ ಇಳಿಸಲು ಕಿಡ್ನಿಯ ನರ ಸುಡುವ ಚಿಕಿತ್ಸೆ, ಓದಲು ಕೂತಾಗ ನನ್ನ ಮೊದಲ ಪ್ರಶ್ನೆಯೇ ಇದು. ಬಿಪಿ ಜಾಸ್ತಿ ಅಂದರೆ ಹೃದಯವೋ ರಕ್ತನಾಳವೋ ನೆನಪಾಗುತ್ತದೆ. ಕಿಡ್ನಿಯ ನರ ಎಲ್ಲಿಂದ ಬಂತು?

ಕಿಡ್ನಿಗೆ ರಕ್ತ ಒಯ್ಯುವ ನಾಳದ ಹೊರಗೋಡೆಗೆ ಸಿಂಪಥೆಟಿಕ್ ನರಗಳು (ಒತ್ತಡದಲ್ಲಿ ಮೈಯನ್ನು ಚುರುಕಾಗಿಸುವ ನರಗಳು) ಬಳ್ಳಿಯ ಹಾಗೆ ಹಬ್ಬಿಕೊಂಡಿವೆ. ಅವು ಚುರುಕಾದರೆ ಕಿಡ್ನಿ ರೆನಿನ್ ಎಂಬ ರಾಸಾಯನಿಕ ಬಿಡುತ್ತದೆ, ಉಪ್ಪು ಹಿಡಿದಿಟ್ಟುಕೊಳ್ಳುತ್ತದೆ, ಒಳಗಿನ ನಾಳಗಳು ಬಿಗಿಯುತ್ತವೆ. ಮೂರೂ ಬಿಪಿ ಏರಿಸುವ ಕೆಲಸಗಳೇ. ಇದು ಹೊಸ ವಿಚಾರವೇನಲ್ಲ. 1940ರ ದಶಕದಲ್ಲಿ ಸರ್ಜನ್‌ಗಳು ಮೈ ಕೊಯ್ದು ಸಿಂಪಥೆಟಿಕ್ ನರಗಳನ್ನೇ ಕತ್ತರಿಸುತ್ತಿದ್ದರು. ಬಿಪಿ ಇಳಿಯುತ್ತಿತ್ತು, ಆದರೆ ಎದ್ದು ನಿಂತರೆ ತಲೆ ಸುತ್ತಿ ಬೀಳುವವರೂ ಇದ್ದರು.

ಈಗ ತೊಡೆಸಂದಿನ ರಕ್ತನಾಳದಿಂದ ತೆಳ್ಳನೆಯ ಕೊಳವೆ, ಕ್ಯಾತಿಟರ್, ತೂರಿಸುತ್ತಾರೆ. ಒಂದು ಬಗೆಯಲ್ಲಿ ಸುರುಳಿ ತುದಿಯ ನಾಲ್ಕು ಎಲೆಕ್ಟ್ರೋಡ್‌ಗಳಿಂದ ರೇಡಿಯೋಫ್ರೀಕ್ವೆನ್ಸಿ ಶಾಖ, ಒಂದೊಂದು ಸಲಕ್ಕೆ 60 ಸೆಕೆಂಡ್. ಇನ್ನೊಂದರಲ್ಲಿ ಅಲ್ಟ್ರಾಸೌಂಡ್, ಬರೀ 7 ಸೆಕೆಂಡ್. ಇದರ ಬಲೂನಿನೊಳಗೆ ನೀರು ಹರಿಯುತ್ತಿರುತ್ತದೆ. ನಾಳದ ಒಳಪದರ ತಂಪಾಗಿರಬೇಕು, ಬಿಸಿ ಹೊರಗಿನ ನರಕ್ಕೆ ತಟ್ಟಬೇಕು, ಅದಕ್ಕೆ. ಸುಡುವಾಗ ನೋವಾಗುತ್ತದೆ, ಹಾಗಾಗಿ ಮಂಪರು ಕೊಡುತ್ತಾರೆ. ಕೊನೆಗೆ ಒಳಗೆ ಸ್ಟೆಂಟ್ ಗಿಂಟ್ ಏನೂ ಉಳಿಯುವುದಿಲ್ಲ.

ಇನ್ನು ಪರೀಕ್ಷೆಗೂ ತಲೆಗೂ ಮುಖ್ಯವಾದ ಭಾಗ. 2010ರ ಸಿಂಪ್ಲಿಸಿಟಿ ಹೆಚ್‌ಟಿಎನ್-2 ಪ್ರಯೋಗದಲ್ಲಿ ಆರು ತಿಂಗಳಿಗೆ ಮೇಲಿನ ಬಿಪಿ 32 ಪಾಯಿಂಟ್ ಇಳಿದಿತ್ತು. ಎಲ್ಲರೂ ಕುಣಿದಾಡಿದರು. 2014ರಲ್ಲಿ ಹೆಚ್‌ಟಿಎನ್-3 ಬಂತು, 535 ಜನ. ಈ ಸಲ ಒಂದು ಗುಂಪಿಗೆ ಸುಮ್ನೆ ಆಂಜಿಯೋಗ್ರಾಂ ಮಾಡಿ ಕಳಿಸಿದರು, ನರ ಸುಟ್ಟಿದ್ದಾರೋ ಇಲ್ಲವೋ ರೋಗಿಗೆ ಗೊತ್ತಿಲ್ಲ. ಸುಟ್ಟವರಲ್ಲಿ ಸುಮಾರು 14 ಇಳಿಯಿತು, ಸುಡದವರಲ್ಲೂ ಸುಮಾರು 12! ಸುಡದೆ ಹೇಗೆ ಇಳಿಯಿತು? ಪ್ರಯೋಗಕ್ಕೆ ಸೇರಿದವರು ಮಾತ್ರೆ ಸರಿಯಾಗಿ ನುಂಗಲು ಶುರು ಮಾಡಿರಬಹುದು. ಬಿಪಿ ತೀರಾ ಏರಿದ್ದಾಗ ಆರಿಸಿಕೊಂಡರೆ ಮುಂದಿನ ಸಲ ತಾನಾಗೇ ಸ್ವಲ್ಪ ಕಮ್ಮಿ ತೋರಿಸುವುದೂ ಉಂಟು. ಇತ್ತ ಅನೇಕರಲ್ಲಿ ನಾಳದ ಸುತ್ತ ಪೂರ್ತಿ ಸುಟ್ಟಿರಲೇ ಇಲ್ಲ.

ಆಮೇಲೆ ಉಪಕರಣ ಸುಧಾರಿಸಿತು, ಪ್ರಯೋಗಗಳಲ್ಲಿ 24 ಗಂಟೆಯ ಬಿಪಿ ಅಳತೆಗೆ ಹೆಚ್ಚು ಮಹತ್ವ ಬಂತು, 2023ರ ನವೆಂಬರ್‌ನಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎರಡೂ ಬಗೆಗೆ ಒಪ್ಪಿಗೆ ಕೊಟ್ಟಿತು. ಆದರೆ ಗೆದ್ದ ಪ್ರಯೋಗಗಳಲ್ಲೂ ಹುಸಿ ಚಿಕಿತ್ಸೆಗಿಂತ ಜಾಸ್ತಿ ಇಳಿದದ್ದು 5 ಪಾಯಿಂಟ್ ಆಸುಪಾಸು. ಹೆಚ್ಚುಕಮ್ಮಿ ಒಂದು ಮಾತ್ರೆಯಷ್ಟು. 32 ಎಲ್ಲಿ, 5 ಎಲ್ಲಿ, ಅಲ್ವಾ?

ಹಾಗಾಗಿ ರೋಗಿಯ ಆಯ್ಕೆ ಮುಖ್ಯ. ಮೂತ್ರ ಹೆಚ್ಚಿಸುವ ಮಾತ್ರೆಯೂ ಸೇರಿ ಮೂರು ಔಷಧಿ ತಕ್ಕ ಡೋಸಲ್ಲಿ ಕೊಟ್ಟರೂ ಬಗ್ಗದಿದ್ದರೆ ಮಾತ್ರ ಅದು ಹಠಮಾರಿ ಬಿಪಿ. ಮಾತ್ರೆ ಬಿಡುವುದು, ತೋಳಿಗೆ ಚಿಕ್ಕದಾದ ಬಿಪಿ ಪಟ್ಟಿ, ನೋವಿನ ಮಾತ್ರೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಉಪ್ಪು ಹಿಡಿದಿಡುವ ಆಲ್ಡೋಸ್ಟೀರೋನ್ ಹಾರ್ಮೋನಿನ ಹೆಚ್ಚಳ, ಇವನ್ನೆಲ್ಲ ಮೊದಲು ನೋಡಬೇಕು.

ನನಗೆ ಇನ್ನೂ ಕಾಡುವುದು ಒಂದು ಸಂಗತಿ. ಆಂಜಿಯೋಪ್ಲಾಸ್ಟಿ ಮಾಡಿದರೆ ನಾಳ ತೆರೆದದ್ದು ಅಲ್ಲೇ ಪರದೆಯಲ್ಲಿ ಕಾಣುತ್ತದೆ. ಇಲ್ಲಿ ನರ ಸತ್ತಿತೋ ಇಲ್ಲವೋ ಟೇಬಲ್ ಮೇಲೆ ತಿಳಿಯುವ ನಂಬಿಕಸ್ತ ಉಪಾಯವಿಲ್ಲ. ಡಾಕ್ಟರೂ ವಾರಗಟ್ಟಲೆ ಬಿಪಿ ನೋಡುತ್ತಾ ಕಾಯಬೇಕು.