ಕಥೆಯ ಹುಡುಗಿಗೆ ಸಮಾಧಿ, ಬರೆದವಳಿಗೆ ಸಂಬಳ

ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಟ್ರಿನಿಟಿ ಚರ್ಚ್ ಇದೆ. ಅದರ ಅಂಗಳದಲ್ಲಿ ಅಮೆರಿಕದ ಮೊದಲ ಹಣಕಾಸು ಮಂತ್ರಿ ಅಲೆಗ್ಸಾಂಡರ್ ಹ್ಯಾಮಿಲ್ಟನ್ ಸಮಾಧಿ ಇದೆ, ಹಬೆ ದೋಣಿ ಓಡಿಸಿದ ರಾಬರ್ಟ್ ಫುಲ್ಟನ್ ಸಮಾಧಿಯೂ ಇದೆ. ಅಲ್ಲೇ ನೆಲಕ್ಕೆ ಹಾಸಿದ ಒಂದು ಚಪ್ಪಡಿ. ಅದರ ಮೇಲೆ ಹಿಂದೆ ಯಾವುದೋ ಫಲಕ ಕೂರಿಸಿದ್ದ ಗುಳಿ, ಜೊತೆಗೆ ಒಂದು ಹೆಸರು: ಷಾರ್ಲಟ್ ಟೆಂಪಲ್. ಹುಟ್ಟಿದ ವರ್ಷವಿಲ್ಲ, ಸತ್ತ ವರ್ಷವೂ ಇಲ್ಲ. 19ನೇ ಶತಮಾನದಲ್ಲಿ ಜನ ಹುಡುಕಿಕೊಂಡು ಬಂದು ಈ ಕಲ್ಲಿನ ಮೇಲೆ ಹೂವಿಟ್ಟು ಅತ್ತು ಹೋಗುತ್ತಿದ್ದರು. ತಮಾಷೆ ಏನಂದ್ರೆ, ಷಾರ್ಲಟ್ ಒಂದು ಕಾದಂಬರಿಯ ಹುಡುಗಿ.

ಆ ಕಾದಂಬರಿ ಬರೆದವಳು ಸುಸಾನಾ ರೌಸನ್. ಹುಟ್ಟಿದ್ದು 1762ರಲ್ಲಿ, ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ. ಹೆತ್ತ ಕೂಡಲೇ ತಾಯಿ ತೀರಿಕೊಂಡರು. ಅಪ್ಪ ನೌಕಾಪಡೆಯವರು, ಅಮೆರಿಕದ ಬಾಸ್ಟನ್ ಹತ್ತಿರ ಸುಂಕದ ಕೆಲಸದಲ್ಲಿದ್ದರು. ಐದು ವರ್ಷ ತುಂಬುವ ಹೊತ್ತಿಗೆ ಮಗು ಅಲ್ಲಿಗೆ ಹೊರಟಿತು. ಬಾಸ್ಟನ್ ಬಂದರಿನ ಬಾಯಲ್ಲೇ ಹಡಗು ಒಂದು ದ್ವೀಪಕ್ಕೆ ಬಡಿಯಿತು, ಹೇಗೋ ಬದುಕಿಕೊಂಡಳು. ಪಕ್ಕದೂರಲ್ಲಿ ಬೆಳೆದಳು, ಸಿಕ್ಕಿದ್ದನ್ನೆಲ್ಲ ಓದಿದಳು. ಬ್ರಿಟಿಷರ ವಿರುದ್ಧ ಗುಡುಗುತ್ತಿದ್ದ ವಕೀಲ ಜೇಮ್ಸ್ ಓಟಿಸ್ ಅವಳನ್ನು ಪುಟ್ಟ ವಿದ್ವಾಂಸೆ ಅಂತ ಕರೆಯುತ್ತಿದ್ದರಂತೆ. ಆಮೇಲೆ ಅಮೆರಿಕದ ಸ್ವಾತಂತ್ರ್ಯ ಯುದ್ಧ ಬಂತು. ರಾಜನ ಉಪ್ಪು ತಿಂದ ಅಪ್ಪನನ್ನು ಕಾವಲಿನಲ್ಲಿಟ್ಟರು, ಆಸ್ತಿ ಕಿತ್ತುಕೊಂಡರು. 1778ರಲ್ಲಿ ಕೈದಿಗಳ ವಿನಿಮಯದಲ್ಲಿ ಇಡೀ ಕುಟುಂಬ ಬರಿಗೈಲಿ ಇಂಗ್ಲೆಂಡಿಗೆ ಮರಳಿತು. ಸುಸಾನಾಗೆ ಆಗ ಹದಿನಾರು.

ದುಡಿಮೆ ಅಲ್ಲಿಂದ ಶುರು. ಶ್ರೀಮಂತರ ಮಕ್ಕಳಿಗೆ ಪಾಠ ಹೇಳಿದಳು. 1786ರಲ್ಲಿ ಮೊದಲ ಕಾದಂಬರಿ ಬಂತು, ಅದೇ ವರ್ಷ ವಿಲಿಯಂ ರೌಸನ್ ಜೊತೆ ಮದುವೆಯೂ ಆಯಿತು. ಗಂಡನ ಕಬ್ಬಿಣದ ಸಾಮಾನಿನ ವ್ಯಾಪಾರ ಮುಳುಗಿತು. ಇಬ್ಬರೂ ನಾಟಕಕ್ಕೆ ಸೇರಿದರು.

1791ರಲ್ಲಿ ಲಂಡನ್ನಿನ ಮಿನರ್ವಾ ಪ್ರೆಸ್ ಅವಳ 'ಷಾರ್ಲಟ್' ಅಚ್ಚು ಹಾಕಿತು. ಶಾಲೆಯಲ್ಲಿ ಓದುವ ಹದಿನೈದರ ಹುಡುಗಿಯನ್ನು ಒಬ್ಬ ಸೈನ್ಯಾಧಿಕಾರಿ ಪುಸಲಾಯಿಸಿ ನ್ಯೂಯಾರ್ಕಿಗೆ ಕರೆದೊಯ್ದು ಕೈಬಿಡುತ್ತಾನೆ. ಬಸುರಿ ಹುಡುಗಿ ಹೆತ್ತು ಸಾಯುತ್ತಾಳೆ. ಅಷ್ಟೇ ಕಥೆ. ಕಾದಂಬರಿ ಓದಿದರೆ ಹೆಣ್ಣುಮಕ್ಕಳು ಕೆಡ್ತಾರೆ ಅನ್ನೋ ಕಾಲ ಅದು. ಅದಕ್ಕೇ ಇರಬೇಕು, ಹೆಸರಿನ ಕೆಳಗೆ 'ನಿಜದ ಕಥೆ' ಅಂತ ಸೇರಿಸಿದ್ದಳು. ಓದುಗರು ಆ ಮಾತನ್ನು ನಂಬಿಯೇಬಿಟ್ಟರು.

ಇಂಗ್ಲೆಂಡಿನಲ್ಲಿ ಪುಸ್ತಕ ಅಷ್ಟೇನೂ ಸದ್ದು ಮಾಡಲಿಲ್ಲ. 1794ರಲ್ಲಿ ಫಿಲಡೆಲ್ಫಿಯಾದ ಮ್ಯಾಥ್ಯೂ ಕೇರಿ ಅಮೆರಿಕದಲ್ಲಿ ಅಚ್ಚು ಹಾಕಿದ್ದೇ ತಡ, ಬೆಂಕಿ ಹತ್ತಿಕೊಂಡಂತೆ ಹಬ್ಬಿತು. 50,000ಕ್ಕೂ ಜಾಸ್ತಿ ಪ್ರತಿ ಹೋಗಿರಬೇಕು ಅಂತ 1812ರಲ್ಲಿ ಕೇರಿಯೇ ಅವಳಿಗೆ ಬರೆದ. ಒಟ್ಟು 200ಕ್ಕೂ ಹೆಚ್ಚು ಮುದ್ರಣಗಳಾದವು. ಹಾಗಾದ್ರೆ ಆಕೆ ಲಕ್ಷಾಧೀಶೆ ಆಗಿರಬೇಕು, ಅಲ್ವಾ?

ಇಲ್ಲ. ಅಮೆರಿಕದ 1790ರ ಹಕ್ಕುಸ್ವಾಮ್ಯ ಕಾಯ್ದೆ ಕಾಪಾಡುತ್ತಿದ್ದುದು ಆ ದೇಶದ ಪ್ರಜೆಗಳನ್ನು, ಅಲ್ಲಿ ನೆಲೆಸಿದವರನ್ನು ಮಾತ್ರ. ಹೊರದೇಶದವರು ಹೊರಗೆ ಅಚ್ಚು ಹಾಕಿಸಿದ್ದನ್ನು ಯಾರು ಬೇಕಾದರೂ ಮತ್ತೆ ಅಚ್ಚು ಹಾಕಿ ಮಾರಬಹುದು ಅಂತ ಕಾಯ್ದೆಯೇ ಹೇಳಿತ್ತು. 'ಷಾರ್ಲಟ್' ಲಂಡನ್ನಿನ ಕೂಸು. ಸುಸಾನಾ ಅಮೆರಿಕಕ್ಕೆ ವಾಪಸ್ ಬಂದದ್ದು 1793ರಲ್ಲಿ, ಪುಸ್ತಕ ಬಂದು ಎರಡು ವರ್ಷದ ಮೇಲೆ. ಊರೂರಿನ ಮುದ್ರಕರು ದುಡ್ಡು ಎಣಿಸಿದರು. ವಿದೇಶಿ ಲೇಖಕರಿಗೆ ಅಲ್ಲಿ ಹಕ್ಕು ಸಿಕ್ಕಿದ್ದು 1891ರಲ್ಲಿ, ಪುಸ್ತಕ ಬಂದು ಭರ್ತಿ ನೂರು ವರ್ಷ ಕಳೆದು.

ಆಕೆ ಬಂದದ್ದು ಥಾಮಸ್ ವಿಗ್ನೆಲ್‌ನ ನಾಟಕ ಕಂಪನಿಯ ನಟಿಯಾಗಿ. ಹಗಲು ಬರವಣಿಗೆ, ರಾತ್ರಿ ಬಣ್ಣ. ಆಗ ಅಲ್ಜೀರಿಯಾದ ಕಡಲ್ಗಳ್ಳರು ಅಮೆರಿಕದ ನಾವಿಕರನ್ನು ಹಿಡಿದು ಗುಲಾಮರನ್ನಾಗಿ ಇಟ್ಟುಕೊಂಡಿದ್ದರು. ಊರೆಲ್ಲ ಅದೇ ಮಾತು. 1794ರಲ್ಲಿ ಅದನ್ನೇ ಹಿಡಿದು 'ಸ್ಲೇವ್ಸ್ ಇನ್ ಅಲ್ಜಿಯರ್ಸ್' ನಾಟಕ ಬರೆದು, ತಾನೂ ಪಾತ್ರ ಮಾಡಿದಳು. ಆಟ ಮುಗಿದ ಮೇಲೆ ರಂಗದ ಮುಂದೆ ಬಂದು ಪದ್ಯದಲ್ಲಿ ಹೇಳಿದಳು: ಆಳೋಕೆ ಹುಟ್ಟಿದವರು ಹೆಂಗಸರು, ಗಂಡಸರು ಆರಾಧಿಸಿ ಬಾಯಿಮುಚ್ಚಿಕೊಂಡು ಹೇಳಿದ ಹಾಗೆ ಕೇಳಲಿ. ಅದು ತಮಾಷೆಯ ಮಾತು. ಆದರೂ ಪತ್ರಕರ್ತ ವಿಲಿಯಂ ಕಾಬೆಟ್‌ಗೆ ಮೈಯೆಲ್ಲ ಉರಿಯಿತು. ಅವಳನ್ನು ಜರೆದು ಮರುವರ್ಷ ಒಂದು ಪುಸ್ತಿಕೆ ತಂದ. ಕೈಸೇರದ ಕಾದಂಬರಿ ದುಡ್ಡಿಗಿಂತ, ರಂಗದ ಮೇಲೆ ಆ ಮಾತಾಡಿದ ಧೈರ್ಯವೇ ನನಗೆ ಅವಳಲ್ಲಿ ಹೆಚ್ಚು ಹಿಡಿಸಿದ್ದು.

1797ರಲ್ಲಿ ನಾಟಕ ಬಿಟ್ಟು ಬಾಸ್ಟನ್ನಿನಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದಳು. ಶುರುವಿನಲ್ಲಿ ಒಬ್ಬಳೇ ವಿದ್ಯಾರ್ಥಿನಿ. ಸ್ವಲ್ಪ ಕಾಲದಲ್ಲೇ ನೂರರ ಹತ್ತಿರ ಮಕ್ಕಳಾದರು. ಅಲ್ಲಿ ಬರೀ ಹೊಲಿಗೆಯಲ್ಲ, ಭೂಗೋಳ ಇತ್ತು, ಪಿಯಾನೋ ಇತ್ತು. ಪಠ್ಯಪುಸ್ತಕವನ್ನೂ ತಾನೇ ಬರೆದಳು. ಗಂಡ ಇನ್ನೊಬ್ಬಳಲ್ಲಿ ಪಡೆದ ಮಗನನ್ನೂ ತಾನೇ ಸಾಕಿದಳು. 1822ರವರೆಗೂ ಶಾಲೆ ನಡೆಸಿ, 1824ರ ಮಾರ್ಚ್ 2ರಂದು ತೀರಿಕೊಂಡಳು.

ಟ್ರಿನಿಟಿ ಚರ್ಚಿನವರು 2008ರಲ್ಲಿ ಆ ಚಪ್ಪಡಿ ಎತ್ತಿ ನೋಡಿದರು. ಕೆಳಗೆ ಸಮಾಧಿಯ ಗೂಡು ಇರಲಿಲ್ಲ. ಇನ್ನು ಸುಸಾನಾಳನ್ನು ಹೂಳಿದ್ದು ದಕ್ಷಿಣ ಬಾಸ್ಟನ್ನಿನ ಒಂದು ಚರ್ಚಿನಲ್ಲಿ, ಸಂಗೀತಗಾರ ಗೆಳೆಯ ಗ್ರೌಪ್ನರ್ ಮನೆತನದ ಗೂಡಿನಲ್ಲಿ. 1866ರಲ್ಲಿ ಆ ಚರ್ಚು ಕೆಡವಿದರು. ಅವಳ ಮೂಳೆಗಳನ್ನು ಊರಾಚೆಯ ಮೌಂಟ್ ಹೋಪ್ ಸ್ಮಶಾನಕ್ಕೆ ಸಾಗಿಸಿದರು.